ಹೊಸ ಬಡಾವಣೆಯ ಮನೆ, ಮಕ್ಕಳ ಶಾಲೆ



ಯುಗಾದಿ ಕಳೆದು ಬಸವ ಜಯಂತಿ ಸಮೀಪಿಸುವ ದಿನಗಳಲ್ಲಿ ನಮ್ಮ ಅನೇಕ ಸದ್ಭಕ್ತ ಕುಟುಂಬಗಳು ಮನೆ ಬದಲಿಸುತ್ತವೆ. ಪರೀಕ್ಷೆಗಳು ಮುಗಿದು ಶಾಲೆಗಳಿಗೆ ಬಿಡುವು ದೊರೆಯುವ ಈ ಕಾಲವೇ ಸಾಮಾನು ಸಾಗಿಸಲು ಅನುಕೂಲ. ಗದಗ, ಕೊಪ್ಪಳ, ವಿಜಯಪುರಗಳ ಕಡೆಯಿಂದ ಬೆಂಗಳೂರಿನ ಪೀಣ್ಯಕ್ಕೆ ಬಂದು ಕಾರ್ಖಾನೆಗಳಲ್ಲಿ ಕಾಯಕ ಹಿಡಿದವರು, ನಗರದೊಳಗಿನ ಬಾಡಿಗೆಯ ಭಾರವನ್ನು ತಾಳಲಾರದೆ, ತುಮಕೂರು ರಸ್ತೆಯ ಗುಂಟ ಮಾದಾವರ, ಮಾಕಳಿ, ನೆಲಮಂಗಲಗಳತ್ತ ಸರಿಯುತ್ತಿದ್ದಾರೆ. 2024ರ ನವೆಂಬರಿನಲ್ಲಿ ಮೆಟ್ರೊ ರೈಲು ನಾಗಸಂದ್ರದಿಂದ ಮಾದಾವರದವರೆಗೆ ಮುಂದುವರಿದ ಮೇಲೆ ಈ ಸರಿಯುವಿಕೆ ಮತ್ತಷ್ಟು ಸುಗಮವಾಗಿದೆ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳ ಹೊರಬಡಾವಣೆಗಳಲ್ಲಿಯೂ ಇದೇ ಸಂಗತಿ.

ಇಂಥ ಕುಟುಂಬಗಳ ಗೃಹಸ್ಥರು ನಮ್ಮನ್ನು ಕಂಡಾಗ ಮೊದಲು ಕೇಳುವುದು ಗೃಹಪ್ರವೇಶದ ದಿನವನ್ನು. ಎರಡನೆಯದಾಗಿ ಕೇಳುವುದು ಮಕ್ಕಳ ಶಾಲೆಯ ವಿಚಾರವನ್ನು. ‘ಸರ್ಕಾರಿ ಶಾಲೆ ಮನೆಯ ಹತ್ತಿರವೇ ಇದೆ, ಆದರೆ ಓಣಿಯವರೆಲ್ಲ ಖಾಸಗಿ ಶಾಲೆಗೆ ಕಳಿಸುತ್ತಾರೆ, ನಾವು ಏನು ಮಾಡಬೇಕು?’ ಎಂಬುದು ಅವರ ಪ್ರಶ್ನೆ. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಶರಣರಿಗೆ ಎಲ್ಲ ದಿನಗಳೂ ಶುಭದಿನಗಳೇ. ಎರಡನೆಯದು ಮಕ್ಕಳ ಹತ್ತು ಹನ್ನೆರಡು ವರ್ಷಗಳ ಬಾಳನ್ನೂ, ಮನೆಯ ಆರ್ಥಿಕ ನೆಮ್ಮದಿಯನ್ನೂ ಒಳಗೊಂಡ ಪ್ರಶ್ನೆಯಾದುದರಿಂದ ಅದನ್ನು ಸಾವಧಾನವಾಗಿ ವಿಚಾರಿಸುವುದು ಯುಕ್ತ.

ಮೊದಲಿಗೆ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಶಾಲೆಗಳಲ್ಲಿ ಎರಡೇ ಬಗೆಯೆಂದು ಜನ ಭಾವಿಸುವುದುಂಟು. ವಾಸ್ತವವಾಗಿ ಮೂರು ಬಗೆಗಳಿವೆ. ಸರ್ಕಾರವೇ ನಡೆಸುವ ಶಾಲೆ ಒಂದು. ಖಾಸಗಿ ಸಂಸ್ಥೆಯೊಂದು ನಡೆಸುತ್ತ, ಶಿಕ್ಷಕರ ಸಂಬಳವನ್ನು ಸರ್ಕಾರದಿಂದ ಪಡೆಯುವ ಅನುದಾನಿತ ಶಾಲೆ ಇನ್ನೊಂದು. ಮಕ್ಕಳ ಶುಲ್ಕದಿಂದಲೇ ನಡೆಯುವ ಅನುದಾನರಹಿತ ಶಾಲೆ ಮೂರನೆಯದು. ನಮ್ಮ ಸಮಾಜದ ಹಳೆಯ ವಿದ್ಯಾಸಂಸ್ಥೆಗಳ ಅನೇಕ ಶಾಲೆಗಳು ಅನುದಾನಿತ ವರ್ಗಕ್ಕೆ ಸೇರಿದವು. ಅವುಗಳಲ್ಲಿ ಶುಲ್ಕ ಮಿತವಾಗಿರುತ್ತದೆ, ಅನುಭವಿ ಶಿಕ್ಷಕರೂ ಇರುತ್ತಾರೆ. ಹೊಸ ಊರಿಗೆ ಹೋದವರು ಥಳಥಳಿಸುವ ಫಲಕಗಳನ್ನು ನೋಡುತ್ತಾರೆಯೇ ಹೊರತು, ಹಿಂದಿನ ಬೀದಿಯ ಅನುದಾನಿತ ಶಾಲೆಯನ್ನು ವಿಚಾರಿಸುವುದೇ ಇಲ್ಲ. ಆದಕಾರಣ ಆಯ್ಕೆಗೆ ಹೊರಡುವ ಮುನ್ನ ಈ ಮೂರನ್ನೂ ಪಟ್ಟಿಮಾಡಿಕೊಳ್ಳಬೇಕು.

ಇನ್ನು ಕಾನೂನಿನ ಮಾತು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಊರು ಬಿಟ್ಟು ಊರಿಗೆ ಹೋಗುವವರಿಗೆ ಅದರಲ್ಲಿ ಮುಖ್ಯವಾದ ಆಸರೆಯೊಂದಿದೆ. ಮಗುವು ಯಾವ ಕಾರಣಕ್ಕಾಗಿಯೇ ಆಗಲಿ ಸ್ಥಳ ಬದಲಿಸಿದರೆ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಪಡೆಯುವ ಹಕ್ಕು ಅದಕ್ಕಿದೆ. ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡತಕ್ಕದ್ದು. ಆ ಪತ್ರ ತಡವಾಯಿತೆಂಬ ಕಾರಣದಿಂದ ಹೊಸ ಶಾಲೆಯವರು ಪ್ರವೇಶವನ್ನು ನಿರಾಕರಿಸುವಂತಿಲ್ಲ. ಶಾಲೆ ಆರಂಭವಾಗಿ ದಿನಗಳು ಕಳೆದಿವೆ ಎಂದಾಗಲಿ, ಜನನ ಪ್ರಮಾಣಪತ್ರ ಇಲ್ಲವೆಂದಾಗಲಿ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಯಾವ ಶಾಲೆಯೂ ಪ್ರವೇಶಕ್ಕಾಗಿ ವಂತಿಗೆ ಕೇಳುವುದು, ಮಗುವನ್ನೋ ತಂದೆತಾಯಿಗಳನ್ನೋ ಪರೀಕ್ಷೆಗೆ ಒಡ್ಡಿ ಆರಿಸುವುದು ಇದೇ ಕಾಯಿದೆಯ ಪ್ರಕಾರ ದಂಡಾರ್ಹ. ಆದರೂ ಬುದ್ಧಿವಂತ ಗೃಹಸ್ಥನು ಊರು ಬಿಡುವ ಮುನ್ನವೇ ವರ್ಗಾವಣೆ ಪತ್ರ, ಅಂಕಪಟ್ಟಿ, ಮಗುವಿನ ಎಸ್.ಎ.ಟಿ.ಎಸ್. ಸಂಖ್ಯೆ ಇವುಗಳನ್ನು ಕೈಯಲ್ಲಿ ಹಿಡಿದೇ ಹೊರಡಬೇಕು.

ಇದೇ ಕಾಯಿದೆಯ ಇನ್ನೊಂದು ಅಂಶದ ಬಗೆಗೆ ಹಳೆಯ ನಂಬಿಕೆಯೊಂದು ಇನ್ನೂ ಉಳಿದಿದೆ. ಖಾಸಗಿ ಶಾಲೆಗಳ ಶೇಕಡಾ 25ರಷ್ಟು ಸ್ಥಾನಗಳು ಬಡ ಮಕ್ಕಳಿಗೆ ಉಚಿತವಾಗಿ ದೊರೆಯುತ್ತವೆ ಎಂಬುದೇ ಆ ನಂಬಿಕೆ. ಕರ್ನಾಟಕದಲ್ಲಿ 2019–20ನೆಯ ಸಾಲಿನಿಂದ ನಿಯಮ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಅನುದಾನರಹಿತ ಶಾಲೆಯಲ್ಲಿ ಆ ಉಚಿತ ಸ್ಥಾನ ದೊರೆಯುವುದಿಲ್ಲ. ಆ ಭರವಸೆಯ ಮೇಲೆ ಮನೆ ಬದಲಿಸಿದವರು ಬಂದ ಮೇಲೆ ಪರಿತಪಿಸಬೇಕಾದೀತು.

ಈಗ ಸರ್ಕಾರಿ ಶಾಲೆಯ ಗುಣದೋಷಗಳನ್ನು ನೋಡೋಣ. ಅಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಪಾದರಕ್ಷೆ ಉಚಿತ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ನಾಡಿಗೆಲ್ಲ ಹಬ್ಬಿದ ಮಧ್ಯಾಹ್ನದ ಊಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂಬ ಹೆಸರನ್ನಿಟ್ಟದ್ದು ನಮಗೆ ಹೆಮ್ಮೆಯ ಸಂಗತಿ. ಶರಣರ ನುಡಿಯೊಂದು ಸರ್ಕಾರದ ಕಡತದಲ್ಲಿ ಅನ್ನವಾಗಿ ನಿಂತಿತು. 2013ರ ಆಗಸ್ಟಿನಿಂದ ಕ್ಷೀರಭಾಗ್ಯ ಯೋಜನೆಯ ಹಾಲೂ ಸೇರಿತು. ಇಂಗ್ಲಿಷನ್ನು ಒಂದು ವಿಷಯವಾಗಿ 2007–08ರಿಂದ ಒಂದನೆಯ ತರಗತಿಯಿಂದಲೇ ಕಲಿಸಲಾಗುತ್ತಿದೆ. 2019–20ರಿಂದ ಆಯ್ದ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದಿವೆ. ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳೂ ಹಲವೆಡೆ ಇವೆ. ಹೊಸ ಮನೆಯ ಸಮೀಪದಲ್ಲಿ ಅಂಥದೊಂದು ಇದ್ದರೆ ಅದನ್ನು ಮೊದಲು ನೋಡಿರಿ.

ಆದರೆ ದೋಷವನ್ನು ಮುಚ್ಚಿಡುವುದು ಸತ್ಯಕ್ಕೆ ಸಲ್ಲದು. ಕಾಯಿದೆಯ ಪ್ರಕಾರವೇ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಸಾಕು. ಅಂದರೆ ಐದು ತರಗತಿಗಳನ್ನು ಇಬ್ಬರೇ ನಡೆಸುವ ಶಾಲೆಗಳು ಇರಬಲ್ಲವು. ಅವರಲ್ಲಿ ಒಬ್ಬರು ತರಬೇತಿಗೋ ಜನಗಣತಿಗೋ ಚುನಾವಣೆಯ ಕೆಲಸಕ್ಕೋ ಹೋದರೆ ಐದೂ ತರಗತಿಗಳು ಒಬ್ಬರ ಹೆಗಲಿಗೆ ಬೀಳುತ್ತವೆ. ಮಕ್ಕಳು ಕಡಿಮೆಯಾದಂತೆ ಶಿಕ್ಷಕರು ಕಡಿಮೆಯಾಗುತ್ತಾರೆ. ಶಿಕ್ಷಕರು ಕಡಿಮೆಯಾದಂತೆ ಉಳಿದ ಮಕ್ಕಳೂ ಬಿಟ್ಟುಹೋಗುತ್ತಾರೆ. ಆದುದರಿಂದ ‘ಸರ್ಕಾರಿ ಶಾಲೆ ಹೇಗಿದೆ?’ ಎಂದು ನೆರೆಯವರನ್ನು ಕೇಳುವುದಕ್ಕಿಂತ, ನೀವೇ ಹೋಗಿ ‘ಎಷ್ಟು ಮಕ್ಕಳು, ಎಷ್ಟು ಮಂದಿ ಕಾಯಂ ಶಿಕ್ಷಕರು, ಎಷ್ಟು ಮಂದಿ ಅತಿಥಿ ಶಿಕ್ಷಕರು?’ ಎಂದು ಕೇಳಿರಿ. ಆರರಿಂದ ಎಂಟನೆಯ ತರಗತಿಗೆ ಗಣಿತ ವಿಜ್ಞಾನಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕೆಂಬುದು ಕಾಯಿದೆಯ ಅಳತೆ. ಅಲ್ಲದೆ ಆ ಶಾಲೆ ಎಷ್ಟನೆಯ ತರಗತಿಯವರೆಗೆ ಇದೆ, ಮುಂದಿನ ಪ್ರೌಢಶಾಲೆ ಎಷ್ಟು ದೂರ ಎಂಬುದನ್ನೂ ಈಗಲೇ ಕೇಳಿಕೊಳ್ಳಬೇಕು. ಏಳನೆಯ ತರಗತಿಗೆ ಶಾಲೆ ಮುಗಿದು ಪ್ರೌಢಶಾಲೆ ಹೆದ್ದಾರಿಯ ಆಚೆಗಿದ್ದರೆ, ಓದು ನಿಲ್ಲುವುದು ಹೆಚ್ಚಾಗಿ ಹೆಣ್ಣುಮಕ್ಕಳದೇ.

ನಮ್ಮ ಮನೆಗಳಲ್ಲಿ ಸರ್ಕಾರಿ ಶಾಲೆಯ ಮಾತು ಬಂದ ಕೂಡಲೇ ಮೊಟ್ಟೆಯ ಮಾತೂ ಬರುತ್ತದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿದಾಗ ನಮ್ಮ ಹಲವು ಮಠಾಧಿಪತಿಗಳು ವಿರೋಧ ಸೂಚಿಸಿದ್ದು ನಿಮಗೆ ನೆನಪಿರಬಹುದು. ಅಂದಿನಿಂದಲೂ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಇದೆ. ಮನೆಯ ಆಚಾರವನ್ನು ಶಿಕ್ಷಕರಿಗೆ ಮೊದಲ ದಿನವೇ ವಿನಯದಿಂದ ತಿಳಿಸಿದರೆ ಸಾಕು. ಇದಿಷ್ಟರಿಂದ ಸರ್ಕಾರಿ ಶಾಲೆಯನ್ನು ಬಿಡಬೇಕಾದ ಅಗತ್ಯ ನಮಗೆ ಕಾಣುವುದಿಲ್ಲ. ಆದರೆ ಮಗುವಿಗೆ ಇನ್ನೊಂದು ಮಾತನ್ನೂ ಕಲಿಸಬೇಕು: ಪಕ್ಕದಲ್ಲಿ ಕುಳಿತು ಮೊಟ್ಟೆ ತಿನ್ನುವ ಮಗುವನ್ನು ಕೀಳಾಗಿ ನೋಡಬಾರದು. ಹಸಿದ ಮನೆಯಿಂದ ಬಂದ ಕೂಸಿಗೆ ಅದು ಶಕ್ತಿ ಕೊಡುವ ಆಹಾರ. ತನ್ನ ವ್ರತವನ್ನು ತಾನು ಪಾಲಿಸುತ್ತ, ಒಂದೇ ಪಂಕ್ತಿಯಲ್ಲಿ ಎಲ್ಲ ಜಾತಿಯ ಮಕ್ಕಳೊಡನೆ ಕುಳಿತು ಉಣ್ಣುವುದನ್ನು ಕಲಿಯುವ ಮಗು, ಅನುಭವ ಮಂಟಪದ ಮೊದಲ ಪಾಠವನ್ನು ಪುಸ್ತಕವಿಲ್ಲದೆಯೇ ಕಲಿಯುತ್ತದೆ.

ಖಾಸಗಿ ಶಾಲೆಯ ವಿಚಾರಕ್ಕೆ ಬರೋಣ. ತರಗತಿಗೊಬ್ಬ ಶಿಕ್ಷಕರು, ನಿತ್ಯದ ಪಾಠ, ಆಟದ ಸಾಮಗ್ರಿ, ಇಂಗ್ಲಿಷ್ ಮಾತಿನ ರೂಢಿ ಇವು ಒಳ್ಳೆಯ ಖಾಸಗಿ ಶಾಲೆಗಳಲ್ಲಿ ಇವೆ. ಇವನ್ನು ಬಯಸುವ ತಂದೆತಾಯಿಗಳನ್ನು ಹಳಿಯಲಾಗದು. ಆದರೆ ಹೊರಬಡಾವಣೆಗಳಲ್ಲಿ ಮನೆಗಳಿಗಿಂತ ಮೊದಲು ಶಾಲೆಗಳ ಫಲಕಗಳು ಏಳುತ್ತವೆ. ಫಲಕ ನೋಡಿ ಹಣ ಕಟ್ಟಬಾರದು. ಶಾಲೆಗೆ ಯಾವ ತರಗತಿಯವರೆಗೆ, ಯಾವ ಪಠ್ಯಕ್ರಮಕ್ಕೆ ಮಾನ್ಯತೆ ದೊರೆತಿದೆ ಎಂಬುದರ ಪತ್ರವನ್ನು ಕೇಳಿ ನೋಡಿರಿ. ಮಾನ್ಯತೆ ಪಡೆದ ಪ್ರತಿ ಶಾಲೆಗೂ ಯು-ಡೈಸ್ ಎಂಬ 11 ಅಂಕಿಗಳ ಸಂಖ್ಯೆಯಿದೆ. ಅದನ್ನು ಬರೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಕೇಂದ್ರ ಪಠ್ಯಕ್ರಮವೆಂದು ಹೇಳಿಕೊಂಡು ರಾಜ್ಯ ಪಠ್ಯಕ್ರಮದ ಮಾನ್ಯತೆಯನ್ನಷ್ಟೇ ಹೊಂದಿದ್ದ ಶಾಲೆಗಳ ಸಂಗತಿ 2023ರಲ್ಲಿ ಬೆಂಗಳೂರಿನಲ್ಲಿ ಬಯಲಾಗಿ, ಪೋಷಕರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಶಿಕ್ಷಕರು ವರ್ಷವರ್ಷಕ್ಕೆ ಬದಲಾಗುತ್ತಾರೆಯೇ, ಅವರ ವಿದ್ಯಾರ್ಹತೆ ಏನು ಎಂಬುದನ್ನೂ ಕೇಳಲು ಸಂಕೋಚ ಪಡಬೇಡಿರಿ. ದನ ಕೊಳ್ಳುವಾಗ ಹಲ್ಲು ಎಣಿಸುವ ನಾವು, ಮಗುವನ್ನು ಒಪ್ಪಿಸುವಲ್ಲಿ ನಾಚುವುದೇಕೆ?

ಹಣದ ಲೆಕ್ಕವನ್ನೂ ಕಾಗದದ ಮೇಲೆ ಬರೆದು ನೋಡೋಣ. ತಿಂಗಳಿಗೆ 30,000 ರೂಪಾಯಿ ದುಡಿಯುವ ಒಬ್ಬ ಗೃಹಸ್ಥ; ಇಬ್ಬರು ಮಕ್ಕಳು; ಬಾಡಿಗೆ 9,000 ಎಂದು ಇಟ್ಟುಕೊಳ್ಳಿರಿ. ಒಂದು ಮಗುವಿಗೆ ವರ್ಷಕ್ಕೆ ಶುಲ್ಕ 50,000, ಹತ್ತು ತಿಂಗಳ ವಾಹನಕ್ಕೆ ತಿಂಗಳಿಗೆ 1,500ರಂತೆ 15,000, ಪುಸ್ತಕ ಸಮವಸ್ತ್ರಗಳಿಗೆ 8,000 ಆದರೆ ಒಟ್ಟು 73,000. ಇಬ್ಬರಿಗೆ 1,46,000. ತಿಂಗಳಿಗೆ ಹಂಚಿದರೆ 12,000ಕ್ಕೂ ಮಿಗಿಲು. ಬಾಡಿಗೆ ಮತ್ತು ಶಾಲೆ ಕಳೆದರೆ ನಾಲ್ಕು ಜನರ ಊಟ, ಔಷಧ, ಊರಿನ ಹಿರಿಯರಿಗೆ ಕಳಿಸುವ ಹಣ ಎಲ್ಲಕ್ಕೂ ಉಳಿಯುವುದು 9,000ಕ್ಕಿಂತ ಕಡಿಮೆ. ಇದು ಒಂದು ವರ್ಷದ ಖರ್ಚಲ್ಲ, ಹತ್ತು ವರ್ಷದ್ದು, ವರ್ಷವರ್ಷವೂ ಏರುವಂಥದ್ದು. ಮೊದಲ ಎರಡು ವರ್ಷ ತಾಯಿಯ ಬಂಗಾರ ಅಡವಿಗೆ ಹೋಗುತ್ತದೆ, ಮೂರನೆಯ ವರ್ಷ ಊರಿನ ಎರಡೆಕರೆ ಹೊಲಕ್ಕೆ ಕಣ್ಣು ಬೀಳುತ್ತದೆ. ನಿಜವಾಗಿ ಹಣ ಬೇಕಾಗುವ ಪದವಿಪೂರ್ವ ಮತ್ತು ವೃತ್ತಿಶಿಕ್ಷಣದ ಹೊತ್ತಿಗೆ ಕೈ ಬರಿದಾಗಿರುತ್ತದೆ. ಪ್ರಾಥಮಿಕ ಹಂತದಲ್ಲಿ ಸಾಲ ಮಾಡಿ ಓದಿಸುವುದನ್ನು ನಾವು ಯಾರಿಗೂ ಹೇಳಲಾರೆವು.

ಈ ಲೆಕ್ಕದ ಬಿಸಿ ತಾಗಿದಾಗ ಕೆಲವು ಮನೆಗಳು ಕಂಡುಕೊಳ್ಳುವ ದಾರಿಯೇ ನಮ್ಮನ್ನು ಈ ಲೇಖನ ಬರೆಯಲು ಪ್ರೇರಿಸಿದ್ದು. ಮಗನನ್ನು ಖಾಸಗಿ ಶಾಲೆಗೂ ಮಗಳನ್ನು ಸರ್ಕಾರಿ ಶಾಲೆಗೂ ಕಳಿಸುವುದೇ ಆ ದಾರಿ. ರೋಣದ ಕಡೆಯಿಂದ ಬಂದ ಹಿರಿಯ ತಾಯಿಯೊಬ್ಬರು, ‘ಹೆಣ್ಣು ಹುಡುಗಿರಿ, ನಾಳೆ ಇನ್ನೊಬ್ಬರ ಮನಿ ಬೆಳಗಾಕಿ, ಆಕಿ ಸಾಲಿಗೆ ಅಷ್ಟು ರೊಕ್ಕ ಯಾಕ ಅಂತ ಬಿಟ್ವಿ’ ಎಂದು ನಮ್ಮೆದುರು ಸಹಜವಾಗಿ ನುಡಿದರು. ಅವರಲ್ಲಿ ಕೆಡುಕಿರಲಿಲ್ಲ, ರೂಢಿಯಿತ್ತು. ಅದೇ ಮನೆಯ ಹುಡುಗಿ ನಾಲ್ಕನೆಯ ತರಗತಿಯವಳು. ತಮ್ಮನ ಬೂಟಿಗೆ ಪಾಲಿಶ್ ಹಚ್ಚಿ ವಾಹನ ಹತ್ತಿಸಿ, ಬಳಿಕ ತಾನು ನಡೆದು ಶಾಲೆಗೆ ಹೋಗುತ್ತಿದ್ದಳು. ಸರ್ಕಾರಿ ಶಾಲೆ ಒಳ್ಳೆಯದಾದರೆ ಅದು ಮಗನಿಗೂ ಒಳ್ಳೆಯದೇ. ಸಾಲದೆಂದಾದರೆ ಮಗಳಿಗೂ ಸಾಲದು. ಶಾಲೆಗಳ ನಡುವಿನ ಅಂತರಕ್ಕಿಂತಲೂ ಈ ಭೇದವೇ ಮಗುವಿನ ಮನಸ್ಸಿನಲ್ಲಿ ಆಳವಾಗಿ ನಾಟುವುದು. ಮಗಳು ‘ನಾನು ಕಡಿಮೆಯವಳು’ ಎಂಬುದನ್ನೂ, ಮಗ ‘ನಾನು ಹೆಚ್ಚಿನವನು’ ಎಂಬುದನ್ನೂ ದಿನವೂ ಬೆಳಿಗ್ಗೆ ಮನೆಯ ಬಾಗಿಲಲ್ಲೇ ಕಲಿಯುತ್ತಾರೆ. ಹುಟ್ಟಿದ ಮಕ್ಕಳಿಬ್ಬರ ಕೊರಳಿಗೂ ಒಂದೇ ಲಿಂಗವನ್ನು ಕಟ್ಟುವ ಧರ್ಮ ನಮ್ಮದು. ಅಕ್ಕಮಹಾದೇವಿ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣೆಯರು ಹನ್ನೆರಡನೆಯ ಶತಮಾನದಲ್ಲಿಯೇ ವಚನಗಳನ್ನು ರಚಿಸಿದ ಪರಂಪರೆಯ ವಾರಸುದಾರರಾದ ನಾವು, ಇಂದು ಶಾಲೆಯ ಬಾಗಿಲಲ್ಲಿ ಹೆಣ್ಣು ಗಂಡೆಂಬ ಭೇದ ಮಾಡುವುದಾದರೆ, ವರ್ಷಕ್ಕೊಮ್ಮೆ ಬಸವ ಜಯಂತಿಯ ಮೆರವಣಿಗೆಯಲ್ಲಿ ನಡೆದು ಫಲವೇನು?

ಭಾಷೆಯ ವಿಚಾರವಾಗಿಯೂ ಎರಡು ಮಾತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯಗೊಳಿಸಲು ಸರ್ಕಾರಕ್ಕೆ ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಆ ಬಳಿಕ ಮಾಧ್ಯಮದ ಹೊಣೆ ತಂದೆತಾಯಿಗಳದೇ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಮೇರೆಗೆ ಯಾವ ಪಠ್ಯಕ್ರಮದ ಶಾಲೆಯೇ ಆಗಲಿ ಕನ್ನಡವನ್ನು ಕಲಿಸತಕ್ಕದ್ದು. ಕಲಿಸುತ್ತಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಮಗುವಿಗೆ ಇಂಗ್ಲಿಷ್ ಬೇಕು, ಅದನ್ನು ಅಲ್ಲಗಳೆಯಲಾರೆವು. ಆದರೆ ವಚನಗಳನ್ನು ಓದಲಾರದ ಲಿಂಗವಂತ ಮಗು, ಮನೆಯಲ್ಲಿ ಧಾನ್ಯ ತುಂಬಿದ್ದರೂ ಕಣಜದ ಬಾಗಿಲು ತೆರೆಯಲರಿಯದವನಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಮುಂಬಯಿ ಆಧಿಪತ್ಯದ ನಮ್ಮ ಸೀಮೆಯ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದ್ದನ್ನು ಹಿರಿಯರು ಬಲ್ಲರು.

ಇದರೊಡನೆ ಲೌಕಿಕವಾದ ಒಂದು ಸೂಚನೆಯೂ ಉಂಟು. ವೃತ್ತಿಶಿಕ್ಷಣದ ಸಿ.ಇ.ಟಿ. ಪ್ರವೇಶದಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿಯಾಗಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5, ಪೂರ್ತಿಯಾಗಿ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15 ಮೀಸಲಾತಿ ಇದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳು ವರ್ಷ ಓದಿದ ಮಗುವನ್ನು ನಡುವೆ ನಗರದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಈ ಎರಡೂ ಕೈತಪ್ಪುತ್ತವೆ. ಇದೊಂದನ್ನೇ ನೋಡಿ ನಿರ್ಧರಿಸಬೇಕೆಂದಿಲ್ಲ. ತಿಳಿಯದೆ ಕಳೆದುಕೊಳ್ಳಬಾರದೆಂದಷ್ಟೇ ಹೇಳುತ್ತೇವೆ.

ಹಾಗಾದರೆ ನಮ್ಮ ಅಭಿಪ್ರಾಯವೇನು? ಮನೆಯಿಂದ ನಡೆದು ಹೋಗಬಹುದಾದ ದೂರದಲ್ಲಿ, ಸಾಕಷ್ಟು ಶಿಕ್ಷಕರಿರುವ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಮಕ್ಕಳೆಲ್ಲರನ್ನೂ ಅಲ್ಲಿಗೇ ಸೇರಿಸಿರಿ; ಉಳಿದ ಹಣವನ್ನು ಅವರ ಮುಂದಿನ ಓದಿಗಾಗಿ ತೆಗೆದಿಡಿರಿ. ಶಿಕ್ಷಕರಿಲ್ಲದ ಶಾಲೆಯಾಗಿದ್ದರೆ, ಸಾಲವಿಲ್ಲದೆ ಕಟ್ಟಬಹುದಾದ ಶುಲ್ಕದ ಮಾನ್ಯತೆ ಪಡೆದ ಖಾಸಗಿ ಶಾಲೆಗೆ ಎಲ್ಲರನ್ನೂ ಸೇರಿಸಿರಿ, ಅದರಲ್ಲಿ ದೋಷವಿಲ್ಲ. ಎರಡೂ ಕಡೆಗೆ ಸಲ್ಲುವ ಮಾತೆಂದರೆ ‘ಎಲ್ಲರನ್ನೂ’ ಎಂಬುದು. ಸಾಧ್ಯವಾದರೆ ಬಾಡಿಗೆಗೆ ಮುಂಗಡ ಕೊಡುವ ಮೊದಲೇ, ಶಾಲೆ ನಡೆಯುತ್ತಿರುವ ದಿನವೊಂದರಲ್ಲಿ ಹೋಗಿ ನೋಡಿರಿ. ಬಿಡುವಿನ ಕಾಲದಲ್ಲಿ ಗೋಡೆ ಕಾಣುತ್ತದೆ, ಪಾಠ ಕಾಣುವುದಿಲ್ಲ.

ಶಾಲೆ ಯಾವುದಾದರೂ ಮನೆಯ ಪಾಲು ಉಳಿದೇ ಇರುತ್ತದೆ. ಮುಂಜಾನೆ ಆರೂವರೆಗೆ ವಾಹನ ಬಂದು ನಿಲ್ಲುವ ಮನೆಯಲ್ಲಿ ಮಗುವಿನ ಇಷ್ಟಲಿಂಗ ಪೂಜೆಗೆ ವೇಳೆಯೆಲ್ಲಿ? ಹತ್ತು ನಿಮಿಷದ ಪೂಜೆ, ಸಂಜೆ ಅರ್ಧ ಗಂಟೆ ತಂದೆಯೋ ತಾಯಿಯೋ ಪಕ್ಕದಲ್ಲಿ ಕುಳಿತು ಓದಿಸುವುದು, ವಾರಕ್ಕೊಂದು ವಚನ: ಇವನ್ನು ಯಾವ ಶುಲ್ಕ ಕಟ್ಟಿಯೂ ಹೊರಗಿನಿಂದ ಕೊಳ್ಳಲಾಗದು. ಓದುಬರಹ ಬಾರದ ತಾಯಿಯೂ ‘ಇವತ್ತು ಏನು ಕಲಿತೆ, ಹೇಳು’ ಎಂದು ಕೇಳಿ ಕಿವಿಗೊಟ್ಟರೆ ಅದೇ ಪಾಠ.

ಕೊನೆಯದಾಗಿ, ಅನುಕೂಲಸ್ಥರಾದ ಭಕ್ತರಲ್ಲಿಯೂ ಸಂಘಸಂಸ್ಥೆಗಳ ಹಿರಿಯರಲ್ಲಿಯೂ ಒಂದು ವಿನಂತಿ. 1910ರಲ್ಲಿ ವಿಜಾಪುರದಲ್ಲಿ ಡಾ. ಫ.ಗು. ಹಳಕಟ್ಟಿಯವರೂ, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಸಪ್ತರ್ಷಿಗಳೂ ವಿದ್ಯಾಸಂಸ್ಥೆಗಳಿಗೆ ಅಡಿಗಲ್ಲಿಟ್ಟಾಗ ವಿದ್ಯೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಸಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ಉಯಿಲಿನ ಮೂಲಕ ವಿದ್ಯೆಗೆ ಅರ್ಪಿಸಿದರು. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿ ಕೇಳದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಆ ಪರಂಪರೆಯ ಹೆಸರಿನಲ್ಲಿ ನಡೆಯುವ ಶಾಲೆಗಳ ಶುಲ್ಕ ಇಂದು ನಮ್ಮ ಬಡ ಭಕ್ತರಿಗೇ ಭಾರವಾಗದಂತೆ ನೋಡಿಕೊಳ್ಳುವುದು ಆಡಳಿತದವರ ಧರ್ಮ. ಹಾಗೆಯೇ, ಕರ್ನಾಟಕದಲ್ಲಿ 2001ರಿಂದ ಸರ್ಕಾರಿ ಶಾಲೆಗಳಿಗೆ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಇವೆ. ಅದರಲ್ಲಿ ಪೋಷಕರದೇ ಬಹುಮತ. ಮಗುವನ್ನು ಸೇರಿಸಿದವರು ಅದರ ಸಭೆಗೆ ಹೋಗಿರಿ. ಶಿಕ್ಷಕರಿಲ್ಲದಿದ್ದರೆ ಬೇಡಿಕೆಯನ್ನು ಬರಹದಲ್ಲಿ ಕೊಡಿರಿ. ನಮ್ಮ ಮಕ್ಕಳು ಹೋಗದಿದ್ದರೂ ಓಣಿಯ ಶಾಲೆಗೆ ಒಂದು ಕಪಾಟು ಪುಸ್ತಕ, ಒಂದು ಕುಡಿಯುವ ನೀರಿನ ತೊಟ್ಟಿ ಕೊಡಿಸುವುದು ದಾಸೋಹವೇ.

ಹೊಸ ಮನೆಯ ಹೊಸ್ತಿಲು ದಾಟುವ ಎಲ್ಲ ಮಕ್ಕಳಿಗೂ, ಗಂಡೆನ್ನದೆ ಹೆಣ್ಣೆನ್ನದೆ, ಅರಿವಿನ ಬಾಗಿಲೂ ತೆರೆಯಲಿ. ಬಸವಾದಿ ಪ್ರಮಥರ ಕೃಪೆ ನಿಮ್ಮೆಲ್ಲರ ಮೇಲಿರಲೆಂದು ಹಾರೈಸುತ್ತೇವೆ.